ರಿಕಾರ್ಡೊ ತಿದ್ದಿಕೊಂಡ ಮಾತು

ಯಂತ್ರದಿಂದ ಅಂತಿಮವಾಗಿ ಎಲ್ಲರಿಗೂ ಲಾಭವೆಂದು ನಾನೂ ವಾದಿಸುತ್ತಿದ್ದೆ. ಆ ವಿಶ್ವಾಸವನ್ನು ಅಲುಗಾಡಿಸಿದವನು ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಡೇವಿಡ್ ರಿಕಾರ್ಡೊ.

1811ರಲ್ಲಿ ನಾಟಿಂಗ್‌ಹ್ಯಾಂ ಸುತ್ತಲಿನ ಹೆಣಿಗೆ ಕಾರ್ಮಿಕರು ಯಂತ್ರಗಳನ್ನು ಒಡೆಯತೊಡಗಿದರು. ಮರುವರ್ಷವೇ ಸಂಸತ್ತು ಅದಕ್ಕೆ ಮರಣದಂಡನೆ ವಿಧಿಸುವ ಕಾಯ್ದೆ ತಂದಿತು. ಯಂತ್ರ ಸರ್ವರಿಗೂ ಹಿತವೆಂದೇ ರಿಕಾರ್ಡೊ ಬಹುಕಾಲ ನಂಬಿದ್ದ. ಆದರೆ 1817ರಲ್ಲಿ ಪ್ರಕಟಿಸಿದ್ದ ತನ್ನ ಅರ್ಥಶಾಸ್ತ್ರ ಗ್ರಂಥದ ಮೂರನೆಯ ಆವೃತ್ತಿಗೆ 1821ರಲ್ಲಿ ಯಂತ್ರಗಳ ಕುರಿತು ಹೊಸ ಅಧ್ಯಾಯವನ್ನೇ ಸೇರಿಸಿದ. ಯಂತ್ರವು ಮಾಲೀಕನ ನಿವ್ವಳ ಆದಾಯವನ್ನು ಹೆಚ್ಚಿಸಿಯೂ ದುಡಿಯುವವರಲ್ಲಿ ಕೆಲವರನ್ನು ಬೀದಿಗೆ ತಳ್ಳಬಲ್ಲದು. ಅವರ ಆತಂಕ ಬರಿಯ ಪೂರ್ವಗ್ರಹವಲ್ಲ ಎಂದು ಒಪ್ಪಿಕೊಂಡ.

ಹಾಗೆಂದು ಯಂತ್ರಗಳನ್ನು ತಡೆಯಬೇಕೆಂದು ಆತ ಹೇಳಲಿಲ್ಲ. ಅನುಯಾಯಿ ಮೆಕಲಕ್ ಕಂಗೆಟ್ಟ; ಮುಂದೆ ಮಾರ್ಕ್ಸ್ ಈ ಪ್ರಾಮಾಣಿಕತೆಯನ್ನು ಮೆಚ್ಚಿದ. ಅಂದಿನ ಪ್ರಶ್ನೆ ಇಂದಿಗೂ ಹಳತಾಗಿಲ್ಲ: ಯಂತ್ರ ತರುವ ಸಂಪತ್ತಿನಲ್ಲಿ, ಅದರಿಂದಲೇ ಕೆಲಸ ಕಳೆದುಕೊಂಡವನ ಪಾಲೆಷ್ಟು?