ನೆಲದಲ್ಲಿ ಹೂತ ಗುಡಾಣದ ವೈನ್

ಗುಡಾಣದ ಬಾಯಿ ಮಾತ್ರ ನೆಲದ ಮಟ್ಟಕ್ಕೆ ಕಾಣುತ್ತದೆ, ಹೊಟ್ಟೆಯೆಲ್ಲ ಮಣ್ಣಿನೊಳಗೆ. ಚಿಕ್ಕದಾದರೆ ಮೇಲೆ ನಿಂತೇ ಉದ್ದ ಕೋಲಿನಿಂದ ಉಜ್ಜಬಹುದು. ಕೋಲಿನ ತುದಿಗೆ ಚೆರ್ರಿ ಮರದ ತೊಗಟೆಯನ್ನು ಪದರ ಪದರವಾಗಿ ಪೋಣಿಸಿರುತ್ತಾರೆ. ದೊಡ್ಡದಾದರೆ ಏಣಿ ಬಿಟ್ಟು ಮನುಷ್ಯನೇ ಒಳಗಿಳಿಯಬೇಕು. ನೀರು ಹಾಕು, ಉಜ್ಜು, ಮೊಗೆದು ಚೆಲ್ಲು, ಮತ್ತೆ ನೀರು ಹಾಕು. ಮೊಗೆದ ನೀರು ಕುಡಿಯುವಷ್ಟು ತಿಳಿಯಾಗುವ ತನಕ ಬಿಡುವಿಲ್ಲ. ಜಾರ್ಜಿಯಾ ದೇಶದ ಪೂರ್ವಕ್ಕಿರುವ ಕಾಖೇಟಿ ಸೀಮೆಯಲ್ಲಿ ದ್ರಾಕ್ಷಿ ಕೊಯ್ಲಿಗೆ ಮುಂಚಿನ ದೊಡ್ಡ ಕೆಲಸ ಇದೇ.

ಈ ಗುಡಾಣಕ್ಕೆ ಅಲ್ಲಿಯವರು ಕ್ವೆವ್ರಿ ಎನ್ನುತ್ತಾರೆ, ಅದನ್ನು ಹೂತಿಟ್ಟ ಮನೆಗೆ ಮರಾನಿ. ಉತ್ತರ ಕರ್ನಾಟಕದ ಹಿರಿಯರಿಗೆ ಜೋಳ ತುಂಬಿಡುತ್ತಿದ್ದ ಹಗೇವು ನೆನಪಾದೀತು.

ಕಾಖೇಟಿಯ ಅಲಜಾನಿ ಕಣಿವೆಯ ಮೇಲೆ, ಗುಡ್ಡದ ನೆತ್ತಿಯಲ್ಲಿ ಸಿಗ್ನಾಗಿ ಎಂಬ ಕೋಟೆಯೂರಿದೆ. 2007ರಲ್ಲಿ ಇಲ್ಲಿ ಫೆಸೆಂಟ್ಸ್ ಟಿಯರ್ಸ್ ಎಂಬ ಪುಟ್ಟ ವೈನರಿ ಹುಟ್ಟಿತು. ಕಟ್ಟಿದವರು ಇಬ್ಬರು. ಜಾನ್ ವರ್ಡ್‌ಮನ್ ಅಮೆರಿಕದ ಚಿತ್ರಕಲಾವಿದ, ಜಾರ್ಜಿಯಾದ ಬಹುಸ್ವರದ ಹಾಡುಗಾರಿಕೆಗೆ ಮನಸೋತು 1990ರ ದಶಕದಲ್ಲಿ ಬಂದು ಅಲ್ಲೇ ಉಳಿದವರು. ಗೆಲಾ ಪಟಾಲಿಶ್ವಿಲಿ ತಲೆಮಾರುಗಳಿಂದ ವೈನ್ ಮಾಡಿಕೊಂಡು ಬಂದ ಮನೆಯವರು. ವರ್ಡ್‌ಮನ್ ದ್ರಾಕ್ಷಿ ತೋಟದಲ್ಲಿ ಚಿತ್ರ ಬರೆಯುತ್ತ ಕೂತಿದ್ದಾಗ ಗೆಲಾ ಟ್ರ್ಯಾಕ್ಟರಿನಲ್ಲಿ ಬಂದು ಊಟಕ್ಕೆ ಕರೆದರಂತೆ. ಗೆಳೆತನ, ಪಾಲುದಾರಿಕೆ ಎರಡೂ ಆ ಊಟದಿಂದಲೇ. ಫೆಸೆಂಟ್ ಕಾಡುಕೋಳಿಯ ಬಳಗದ ಹಕ್ಕಿ. ಅಳತೆ ಮೀರಿ ಚೆನ್ನಾಗಿರುವ ವೈನ್ ಮಾತ್ರ ಅದರ ಕಣ್ಣಲ್ಲಿ ಆನಂದದ ನೀರು ತರಿಸೀತು ಎಂಬ ಜಾರ್ಜಿಯಾದ ಕಥೆಯೊಂದರಿಂದ ಹೆಸರು ಬಂದಿದೆ.

ಕೊಯ್ಲು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಹಳೆಯ ಪದ್ಧತಿಯಂತೆ ಮರದ ದಿಮ್ಮಿ ಕೊರೆದು ಮಾಡಿದ ದೋಣಿಯಂಥ ತೊಟ್ಟಿಯಲ್ಲಿ ಗೊಂಚಲುಗಳನ್ನು ಕಾಲಿನಿಂದ ತುಳಿಯುತ್ತಾರೆ. ರಸದ ಜತೆ ಸಿಪ್ಪೆ, ಬೀಜ, ತೊಟ್ಟು ಎಲ್ಲವೂ ಕ್ವೆವ್ರಿಗೆ. ಅಂಗಡಿಯಿಂದ ತಂದ ಯೀಸ್ಟ್ ಹಾಕುವುದಿಲ್ಲ. ನಮ್ಮ ದೋಸೆ ಹಿಟ್ಟು ತಾನಾಗಿ ಹುದುಗು ಬರುವ ಹಾಗೆ, ತೋಟದಿಂದ ಬಂದದ್ದು, ಮರಾನಿಯಲ್ಲಿದ್ದದ್ದು ಸೇರಿ ಕೆಲಸ ಶುರುಮಾಡುತ್ತವೆ. ಸಿಪ್ಪೆ ಮೇಲೆದ್ದು ದಪ್ಪಗೆ ಕಟ್ಟಿಕೊಳ್ಳುತ್ತದೆ. ಅದನ್ನು ದಿನಕ್ಕೆ ಹಲವು ಸಲ ಕೋಲಿನಿಂದ ಒಳಕ್ಕೆ ಅದುಮಬೇಕು, ಮೈಮರೆತರೆ ವಿನೆಗರ್ ವಾಸನೆ ಹೊಡೆಯುತ್ತದೆ. ಕುದಿ ಇಳಿದು ಸಿಪ್ಪೆ ಮುಳುಗಿದ ಮೇಲೆ ಮುಚ್ಚಳವಿಟ್ಟು, ಅಂಚಿಗೆ ಒದ್ದೆ ಜೇಡಿಮಣ್ಣು ಮೆತ್ತಿ, ಐದಾರು ತಿಂಗಳು ಬಿಡುತ್ತಾರೆ.

ಮೊಟ್ಟೆಯಾಕಾರದ ಕ್ವೆವ್ರಿಯ ತಳ ಚೂಪು. ಕಹಿ ಬೀಜಗಳು ಮೊದಲು ಅಲ್ಲಿಗೆ ಜಾರಿ ಕೂರುತ್ತವೆ, ಮೇಲೆ ಸಿಪ್ಪೆ ಹೊದಿಕೆಯಂತೆ ಬೀಳುತ್ತದೆ. ಹಾಗಾಗಿ ಬೀಜದ ಒಗರು ವೈನಿಗೆ ಅಷ್ಟಾಗಿ ಇಳಿಯುವುದಿಲ್ಲ. ಸುತ್ತಲಿನ ಮಣ್ಣೇ ತಂಪು ಕಾಯುತ್ತದೆ, ಕರೆಂಟು ಬೇಕಿಲ್ಲ. ವಸಂತದಲ್ಲಿ ಮುಚ್ಚಳ ತೆಗೆದಾಗ ಬಿಳಿ ದ್ರಾಕ್ಷಿ ರ್ಕಾತ್ಸಿತೇಲಿಯ ವೈನ್ ಸಿಪ್ಪೆಯ ಸಹವಾಸದಿಂದ ಜೇನಿನ ಬಣ್ಣಕ್ಕೆ ತಿರುಗಿರುತ್ತದೆ. ಉಳಿದ ಹಿಪ್ಪೆಯೂ ದಂಡವಾಗದು, ಭಟ್ಟಿ ಇಳಿಸಿ ಚಾಚಾ ಮಾಡುತ್ತಾರೆ.

ಈ ವಿದ್ಯೆ ಎಷ್ಟು ಹಳೆಯದು? ರಾಜಧಾನಿ ತಿಬಿಲಿಸಿಯ ದಕ್ಷಿಣಕ್ಕಿರುವ ಗದಾಚ್ರಿಲಿ ಗೋರಾ, ಶುಲಾವೆರಿಸ್ ಗೋರಾ ದಿಬ್ಬಗಳಲ್ಲಿ ಸಿಕ್ಕ ಮಡಕೆ ಚೂರುಗಳಲ್ಲಿ ದ್ರಾಕ್ಷಿ ವೈನಿನ ಗುರುತು ಇದೆಯೆಂದು 2017ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು, ಕಾಲ ಕ್ರಿ.ಪೂ. 6000ದ ಆಸುಪಾಸು. ದೇಶಿ ದ್ರಾಕ್ಷಿ ತಳಿಗಳೇ ಅಲ್ಲಿ 500ಕ್ಕೂ ಹೆಚ್ಚು. ಸೋವಿಯತ್ ಕಾಲದಲ್ಲಿ ಕಾರ್ಖಾನೆಗಳಿಗೆ ಬೇಕಾದದ್ದು ಇಳುವರಿ. ಹೆಚ್ಚು ಫಲ ಕೊಡುವ ಕೆಲವೇ ತಳಿಗಳು ತೋಟ ತುಂಬಿದವು. 1985ರ ಗೋರ್ಬಚೇವ್ ಪಾನನಿರೋಧ ಅಭಿಯಾನದಲ್ಲಿ ಬಳ್ಳಿಗಳನ್ನೇ ಕಿತ್ತೆಸೆದರು. ಕ್ವೆವ್ರಿ ಉಳಿದದ್ದು ಹಳ್ಳಿಯ ಹಿತ್ತಲುಗಳಲ್ಲಿ, ಮನೆಮಂದಿಯ ಕುಡಿತಕ್ಕೆ. 2006ರಲ್ಲಿ ರಷ್ಯಾ ಜಾರ್ಜಿಯಾದ ವೈನನ್ನು ನಿಷೇಧಿಸಿತು. ಬಹುಪಾಲು ಮಾಲು ಹೋಗುತ್ತಿದ್ದದ್ದು ಅಲ್ಲಿಗೇ. ಅಗ್ಗದ ಸಿಹಿ ವೈನಿನ ಪೇಟೆ ಮುಚ್ಚಿದ್ದರಿಂದ ಬೇರೆ ದೇಶಗಳಿಗೆ ಒಳ್ಳೆಯದನ್ನು ಮಾಡಿ ಮಾರುವುದು ಅನಿವಾರ್ಯವಾಯಿತು. ಸಿಗ್ನಾಗಿಯ ವೈನರಿ ತೆರೆದದ್ದು ಅದರ ಮರುವರ್ಷ. 2013ರಲ್ಲಿ ಯುನೆಸ್ಕೋ ಕ್ವೆವ್ರಿ ಪದ್ಧತಿಯನ್ನು ಪಾರಂಪರಿಕ ಪಟ್ಟಿಗೆ ಸೇರಿಸಿತು. ಅದೇ ವರ್ಷ ರಷ್ಯಾದ ಬಾಗಿಲೂ ತೆರೆಯಿತು.

ಹೀಗೆ ಹೊರಗಿನದೇನನ್ನೂ ಬೆರೆಸದೆ ಮಾಡುವ ವೈನಿಗೆ ಈಗ ‘ನ್ಯಾಚುರಲ್’ ಎಂಬ ಹೆಸರಿದೆ. ‘ಸಾವಯವ’ ಮತ್ತು ‘ನ್ಯಾಚುರಲ್’ ಒಂದೇ ಅಲ್ಲ. ಸಾವಯವ ಎಂಬುದು ಮುಖ್ಯವಾಗಿ ತೋಟದ ಮಾತು. ಅಲ್ಲಿಯೂ ಗಂಧಕ, ಮಿತಿಯೊಳಗೆ ಮೈಲುತುತ್ತದ ಸಿಂಪಡಣೆಗೆ ಅವಕಾಶವಿದೆ. ನಮ್ಮ ಮಲೆನಾಡಿನ ಅಡಿಕೆಯವರು ಕೊಳೆರೋಗಕ್ಕೆ ಹೊಡೆಯುವ ಬೋರ್ಡೊ ದ್ರಾವಣ ಹುಟ್ಟಿದ್ದೇ ಫ್ರಾನ್ಸಿನ ದ್ರಾಕ್ಷಿ ತೋಟದಲ್ಲಿ! ನ್ಯಾಚುರಲ್ ಎಂದರೆ ನೆಲಮಾಳಿಗೆಯಲ್ಲೂ ಏನನ್ನೂ ಸೇರಿಸದಿರುವುದು, ಸೇರಿಸಿದರೂ ತುಸು ಸಲ್ಫೈಟ್ ಮಾತ್ರ. ಕೆಡದಂತೆ ಹಾಕುವ ಸಲ್ಫೈಟ್ ಸಾಮಾನ್ಯ ಕೆಂಪು ವೈನಿನಲ್ಲಿ ಲೀಟರಿಗೆ 150 ಮಿಲಿಗ್ರಾಂವರೆಗೆ ಇರಬಹುದೆಂದು ಐರೋಪ್ಯ ಒಕ್ಕೂಟದ ನಿಯಮ. ಸಾವಯವದಲ್ಲಿ ಅದು 100. ಫ್ರಾನ್ಸಿನ ನ್ಯಾಚುರಲ್ ವೈನ್ ತಯಾರಕರು 2020ರಲ್ಲಿ ತಮಗೆ ತಾವೇ ಹಾಕಿಕೊಂಡ ಮಿತಿ 30.

ಈ ಹೆಸರಿನ ಮರೆಯಲ್ಲಿ ಕೆಟ್ಟ ವೈನೂ ಧಾರಾಳವಾಗಿ ಬಿಕರಿಯಾಗುತ್ತದೆ. ಹುಳಿಯಾದದ್ದು, ಇಲಿ ವಾಸನೆ ಹಿಡಿದದ್ದು ಎಲ್ಲವೂ ‘ಅದರ ಸ್ವಭಾವ’ ಎಂಬ ಸಮಜಾಯಿಷಿಯಲ್ಲಿ ದಾಟಿಬಿಡುತ್ತದೆ. ಔಷಧಿ ಹಾಕದವನು ದುಪ್ಪಟ್ಟು ತೊಳೆಯಬೇಕು. ಕಾಖೇಟಿಯ ಅಜ್ಜಂದಿರಿಗೆ ಇದು ಗೊತ್ತಿತ್ತು, ಫ್ಯಾಷನ್ನಿಗೆ ಶುರುಮಾಡಿದ ಎಷ್ಟೋ ಮಂದಿಗೆ ಗೊತ್ತಿಲ್ಲ.

ಇನ್ನು ಗುಡಾಣ ಮಾಡುವವರ ಮಾತು. ಕಾಖೇಟಿಯ ವರ್ದಿಸುಬಾನಿಯಂಥ ಊರುಗಳಲ್ಲಿ ಬೆರಳೆಣಿಕೆಯ ಕುಟುಂಬಗಳು ಉಳಿದಿವೆ. ಚಕ್ರವಿಲ್ಲ, ಮಣ್ಣಿನ ಸುರುಳಿಯ ಮೇಲೆ ಸುರುಳಿ ಇಟ್ಟು, ಅದು ಆರಿದ ಮೇಲೆ ಮತ್ತೊಂದು, ಹೀಗೆ ವಾರಗಟ್ಟಲೆ ಏರಿಸುತ್ತಾರೆ. ಆಮೇಲೆ ಆವಿಗೆಯಲ್ಲಿ ಸುಟ್ಟು, ಬಿಸಿ ಆರುವ ಮುನ್ನ ಒಳಮೈಗೆ ಜೇನುಮೇಣ ಬಳಿಯುತ್ತಾರೆ. ಹೊಸ ಕ್ವೆವ್ರಿ ಬೇಕಾದವರು ಮುಂಗಡವಾಗಿ ಹೇಳಿಟ್ಟು ಕಾಯಬೇಕು.