ಪರದೆಯ ಮೇಲೆ ‘ನಾಯಕನಹಟ್ಟಿ’

ಚೌಕಾಬಾರ ಆಡಲು ಏನೇನು ಬೇಕು? ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಗೀಚಿದ 25 ಮನೆ, ನಾಲ್ಕು ಕವಡೆ, ಕಾಯಿಗಳಾಗಿ ಬಳೆಚೂರೋ ಹುಣಸೆಬೀಜವೋ. ಇಷ್ಟಿದ್ದರೆ ಮಧ್ಯಾಹ್ನ ಕಳೆದದ್ದೇ ತಿಳಿಯದು. ಇದೇ ಆಟವನ್ನು ಕಂಪ್ಯೂಟರಿಗೆ ತರಬೇಕೆಂದು ನಾಯಕನಹಟ್ಟಿಯ ವಿದ್ಯಾರ್ಥಿಯೊಬ್ಬ ಹೊರಟನೆನ್ನಿ. ನಿಯಮಗಳನ್ನು ಬರೆಯುವುದು ಅಷ್ಟೇನೂ ಕಷ್ಟವಲ್ಲ. ನಾಲ್ಕೂ ಕವಡೆ ಅಂಗಾತ ಬಿದ್ದರೆ ನಾಲ್ಕು, ನಾಲ್ಕೂ ಬೋರಲು ಬಿದ್ದರೆ ಎಂಟು. ತೊಡಕಿರುವುದು ಬೇರೆ ಕಡೆ. ಪರದೆಯ ಮೇಲೆ ಮನೆಗಳನ್ನು ಬಿಡಿಸಬೇಕು, ಮೌಸ್ ಒತ್ತಿದ್ದು ಯಾವ ಮನೆಯ ಮೇಲೆ ಎಂದು ತಿಳಿಯಬೇಕು, ಕವಡೆ ಉರುಳಿದ ಸದ್ದು ಬರಬೇಕು. ಇವನ್ನೆಲ್ಲ ಮೊದಲಿನಿಂದ ತಾನೇ ಬರೆಯಹೊರಟರೆ ಆಟ ಶುರುವಾಗುವ ಹೊತ್ತಿಗೆ ಆಸಕ್ತಿಯೇ ಬತ್ತಿಹೋಗುತ್ತದೆ.

ಈ ಕೆಲಸಗಳನ್ನು ಒಮ್ಮೆ ಮಾಡಿ ಎಲ್ಲರಿಗೂ ಒದಗಿಸುವ ಪ್ರೋಗ್ರಾಮುಗಳ ಕಟ್ಟಿಗೆ ‘ಲೈಬ್ರರಿ’ ಎಂದು ಹೆಸರು. ಓದುವ ಪುಸ್ತಕ ಇದರಲ್ಲಿಲ್ಲ.

ಶಾನ್ ಹಾರ್‌ಗ್ರೀವ್ಸ್ ಎಂಬಾತ 1990ರ ದಶಕದ ಆರಂಭದಲ್ಲಿ ಅಟಾರಿ ಕಂಪ್ಯೂಟರಿಗಾಗಿ ‘ಅಲೆಗ್ರೊ’ ಎಂಬ ಲೈಬ್ರರಿ ಬರೆಯತೊಡಗಿದ. ಅಟಾರಿಯ ಕಾಲ ಮುಗಿಯುತ್ತಿದೆ ಎಂದು ಕಂಡು ಅದನ್ನು ಕೈಬಿಟ್ಟು, 1995ರ ಸುಮಾರಿಗೆ ಡಾಸ್‌ಗಾಗಿ ಹೊಸದಾಗಿ ಬರೆದ. ಅದನ್ನು ಆತ ಮಾರಲಿಲ್ಲ, ‘ಗಿಫ್ಟ್‌ವೇರ್’ ಎಂದು ಕರೆದ. ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಿ. ಮನಸ್ಸಾದರೆ ಪ್ರತಿಯಾಗಿ ಏನಾದರೂ ಕೊಡಿ ಎಂಬುದು ಅದರ ಸಾರ. ‘ಮಾಡಿದಷ್ಟು ನೀಡು ಭಿಕ್ಷೆ’ ಎಂದ ತಿಪ್ಪೇರುದ್ರಸ್ವಾಮಿಗಳ ಊರಿನವರಿಗೆ ಈ ಲೆಕ್ಕ ಸ್ವಲ್ಪ ತಲೆಕೆಳಗಾಗಿ ಕಂಡೀತು. ಇಲ್ಲಿ ಏನೂ ಮಾಡದವನಿಗೂ ಭಿಕ್ಷೆ ಪೂರ್ತಿ ಸಿಗುತ್ತದೆ! ಆದರೂ ಮಾಡುವವರು ಬಂದರು. ವಿಂಡೋಸ್ ಮತ್ತು ಯುನಿಕ್ಸ್ ಪ್ರಪಂಚಕ್ಕೆ ಅಲೆಗ್ರೊ ಹಬ್ಬಿದ್ದು ಹಲವರ ಕೈಯಿಂದ.

1998ರಲ್ಲಿ ಸ್ಯಾಮ್ ಲ್ಯಾಂಟಿಂಗಾ ಆರಂಭಿಸಿದ ‘ಎಸ್‌ಡಿಎಲ್’ನ ಕಥೆ ಇನ್ನೂ ಸ್ವಾರಸ್ಯದ್ದು. ವಿಂಡೋಸ್ ಆಟಗಳನ್ನು ಲಿನಕ್ಸ್‌ಗೆ ತರುತ್ತಿದ್ದ ಲೋಕಿ ಸಾಫ್ಟ್‌ವೇರ್ ಕಂಪನಿಯಲ್ಲಿ ಆತ ಕೆಲಸಕ್ಕಿದ್ದ. 2002ರಲ್ಲಿ ಕಂಪನಿ ಬಾಗಿಲು ಹಾಕಿತು, ಲೈಬ್ರರಿ ಮಾತ್ರ ಉಳಿಯಿತು. ಅದರ ಮೂಲ ಬರಹ ಎಲ್ಲರ ಕೈಯಲ್ಲಿದ್ದುದರಿಂದ ಯಾರೂ ಬೀಗ ಹಾಕುವಂತಿರಲಿಲ್ಲ. 2025ರ ಜನವರಿಯಲ್ಲಿ ಅದರ ಮೂರನೆಯ ಪೀಳಿಗೆ ಹೊರಬಂದಿದೆ. ಪೈಥಾನ್ ಕಲಿಯುತ್ತಿರುವ ಮಕ್ಕಳಿಗೆ ಹೊಂದುವ, 2000ರಲ್ಲಿ ಹುಟ್ಟಿದ ‘ಪೈಗೇಮ್’ ಕುಳಿತಿರುವುದೂ ಇದೇ ಎಸ್‌ಡಿಎಲ್ ಮೇಲೆ.

ಬಿಟ್ಟಿ ಕೊಟ್ಟು ಹೊಟ್ಟೆಪಾಡು ಹೇಗೆ ಎಂದು ತಂದೆತಾಯಿಗಳು ಕೇಳುವುದು ಸಹಜ. ಹಾರ್‌ಗ್ರೀವ್ಸ್ ಮುಂದೆ ಮೈಕ್ರೋಸಾಫ್ಟ್ ಸೇರಿದ, ಲ್ಯಾಂಟಿಂಗಾ 2012ರಲ್ಲಿ ವಾಲ್ವ್ ಕಂಪನಿಗೆ ಹೋದ. ಎಲ್ಲರಿಗೂ ಹಾಗಾಗುತ್ತದೆಂದಲ್ಲ. ಇಂಥ ಲೈಬ್ರರಿಗಳಿಗೆ ರಾತ್ರಿ ನಿದ್ದೆಗೆಟ್ಟು ದುಡಿಯುವ ಬಹಳಷ್ಟು ಜನರಿಗೆ ಕಾಸು ಸಿಗುವುದಿಲ್ಲ.

ಮತ್ತೆ ನಮ್ಮ ಹುಡುಗನ ಬಳಿಗೆ ಬರೋಣ. ಮನೆಗಳು ಮೂಡಿದವು, ಕವಡೆ ಉರುಳಿತು. ಈಗ ಪರದೆಯ ನೆತ್ತಿಯ ಮೇಲೆ ತನ್ನ ಊರಿನ ಹೆಸರು ಬರೆಯಹೋಗುತ್ತಾನೆ. ಕಂಪ್ಯೂಟರಿನ ಒಳಗೆ ‘ನಾಯಕನಹಟ್ಟಿ’ ಎಂದರೆ ಯೂನಿಕೋಡ್‌ನ 10 ಸಂಕೇತಗಳ ಸಾಲು. ಕೊನೆಯ ನಾಲ್ಕು ಹೀಗೆ: ಟ, ಹಲಂತ, ಇನ್ನೊಂದು ಟ, ಆಮೇಲೆ ಗುಡಿಸು. ಇಂಗ್ಲಿಷಿನಲ್ಲಾದರೆ ಸಂಕೇತಕ್ಕೊಂದು ಅಚ್ಚು ತೆಗೆದು ಸಾಲಾಗಿ ಜೋಡಿಸಿದರೆ ಮುಗಿಯಿತು. ಕನ್ನಡದಲ್ಲಿ ಕೊನೆಗೆ ಬಂದ ಗುಡಿಸು ಹಿಂದಕ್ಕೆ ಹೋಗಿ ಮೊದಲ ಟಕಾರದ ತಲೆಯೇರಬೇಕು, ಎರಡನೆಯ ಟ ಒತ್ತಾಗಿ ಕೆಳಗಿಳಿಯಬೇಕು. ಈ ವಿವೇಕವಿಲ್ಲದ ಲೈಬ್ರರಿಯಲ್ಲಿ ಒತ್ತು ಒತ್ತಾಗುವುದಿಲ್ಲ, ಗುಡಿಸು ಅನಾಥವಾಗಿ ಬದಿಯಲ್ಲಿ ನಿಲ್ಲುತ್ತದೆ. ಪದವನ್ನೇ ಚಿತ್ರವಾಗಿ ಬರೆದು ಅಂಟಿಸುವುದು ಇದಕ್ಕೊಂದು ಅಡ್ಡದಾರಿ. ಆದರೆ ಆಡುವವನು ತನ್ನ ಹೆಸರನ್ನು ಕನ್ನಡದಲ್ಲಿ ಟೈಪ್ ಮಾಡಿದರೆ ಅದಕ್ಕೆ ಚಿತ್ರ ಎಲ್ಲಿಂದ ತರುವುದು?

ಈ ಜೋಡಣೆಯನ್ನೇ ಕಸುಬಾಗಿಸಿಕೊಂಡ ಮುಕ್ತ ಲೈಬ್ರರಿಯೊಂದಿದೆ, ‘ಹಾರ್ಫ್‌ಬಜ್’. ಅದನ್ನು ಬೆಳೆಸಿದವರಲ್ಲಿ ಪ್ರಮುಖ ಇರಾನ್ ಮೂಲದ ಬೆಹದಾದ್ ಎಸ್ಫಹಬೋದ್. ಪರ್ಷಿಯನ್ ಹೆಸರಿಗೆ ‘ತೆರೆದ ಅಕ್ಷರ’ ಎಂಬರ್ಥ. ಆಂಡ್ರಾಯ್ಡ್ ಫೋನಿನಲ್ಲಿ, ಫೈರ್‌ಫಾಕ್ಸ್‌ನಲ್ಲಿ ಕನ್ನಡ ನೆಟ್ಟಗೆ ಕಾಣುವುದರ ಹಿಂದೆ ಅದರ ಕೈವಾಡವಿದೆ. ಅರ್ಜೆಂಟೀನಾದಲ್ಲಿ ಹುಟ್ಟಿ 2014ರಲ್ಲಿ ಮುಕ್ತವಾದ ‘ಗೋಡೋ’ ಎಂಬ ಆಟದ ತಂತ್ರಾಂಶಕ್ಕೆ ಅದು ಸೇರಿದ್ದು 2023ರ ಮಾರ್ಚ್‌ನಲ್ಲಿ, ನಾಲ್ಕನೆಯ ಆವೃತ್ತಿಯೊಂದಿಗೆ. ಎಸ್‌ಡಿಎಲ್‌ನ ಅಕ್ಷರ ವಿಭಾಗವನ್ನೂ ಹಾರ್ಫ್‌ಬಜ್ ಬೆರೆಸಿ ಕಟ್ಟಿಕೊಳ್ಳಬಹುದು. ಬೆರೆಸದಿದ್ದರೆ ಮತ್ತೆ ಅದೇ ಒಡಕು ಅಕ್ಷರ.

ದೂರದೂರಿನ ಪ್ರೋಗ್ರಾಮರ್ ಎಷ್ಟೇ ಜಾಣನಿರಲಿ, ಒತ್ತು ತಪ್ಪಿದ್ದು ಅವನ ಕಣ್ಣಿಗೆ ಬೀಳುವುದಿಲ್ಲ. ಕನ್ನಡ ಓದಬಲ್ಲವರೇ ಹೇಳಬೇಕು. ಹೇಳುವ ಕ್ರಮ ಸರಳ: ಕೊಟ್ಟ ಪದ ಯಾವುದು, ಪರದೆಯಲ್ಲಿ ಮೂಡಿದ್ದು ಹೇಗೆ, ಮೂಡಬೇಕಾದದ್ದು ಹೇಗೆ, ಬಳಸಿದ ಆವೃತ್ತಿ ಯಾವುದು ಎಂದು ಬರೆದು, ಎರಡು ಚಿತ್ರ ಜೊತೆಗಿಟ್ಟು ಕಳುಹಿಸಿದರಾಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವಿರುವ ಕುದಾಪುರ ನಾಯಕನಹಟ್ಟಿಗೆ ಹತ್ತಿರವೇ. ಆದರೆ ಈ ಕೆಲಸಕ್ಕೆ ಅಲ್ಲಿಯ ಪ್ರಯೋಗಾಲಯ ಬೇಕಿಲ್ಲ, ಹಳೆಯ ಕಂಪ್ಯೂಟರೂ ನಡೆದೀತು.

ಪರೀಕ್ಷೆಗೆ ಊರಿನ ಹೆಸರಿನ ಜೊತೆ ಇನ್ನೂ ಮೂರು ಪದಗಳಿರಲಿ. ಒತ್ತಿನ ಜೊತೆ ದೀರ್ಘವೂ ಇರುವ ‘ಮೊಳಕಾಲ್ಮೂರು’, ಎರಡೆರಡು ಒತ್ತು ಹೊತ್ತ ‘ರಾಷ್ಟ್ರ’, ಮೊದಲು ಟೈಪಾದ ರಕಾರ ಯಕಾರದ ಆಚೆಗೆ ಅರ್ಕಾವೊತ್ತಾಗಿ ಕೂರಬೇಕಾದ ‘ಸೂರ್ಯ’. ನಾಲ್ಕೂ ನೆಟ್ಟಗೆ ಮೂಡಿದವೆಂದರೆ ಹುಡುಗ ಚೌಕಾಬಾರದ ಮನೆಗಳಿಗೆ ಬಣ್ಣ ತುಂಬಲು ಕೂರಬಹುದು.