ಕತ್ತೆಗೂ ಗೊತ್ತಿರುವ ಪ್ರಮೇಯ

ತ್ರಿಭುಜದ ಯಾವುದೇ ಎರಡು ಬಾಹುಗಳ ಮೊತ್ತ ಮೂರನೆಯದಕ್ಕಿಂತ ಹೆಚ್ಚು ಎಂದು ಶಾಲೆಯಲ್ಲಿ ನಾವೆಲ್ಲ ಉರುಹೊಡೆದಿದ್ದೇವೆ. 3, 4, 5 ಅಂಗುಲದ ಕಡ್ಡಿಗಳಿಂದ ತ್ರಿಭುಜ ಆಗುತ್ತದೆ. 3, 4, 8 ಆದರೆ ತುದಿಗಳು ಕೂಡುವುದೇ ಇಲ್ಲ.

ಯೂಕ್ಲಿಡ್ ತನ್ನ 'ಎಲಿಮೆಂಟ್ಸ್' ಗ್ರಂಥದ ಮೊದಲ ಭಾಗದಲ್ಲಿ ಇದನ್ನು 20ನೆಯ ಪ್ರಮೇಯವಾಗಿ ಸಾಧಿಸಿದ. ಎಪಿಕ್ಯೂರಸನ ಅನುಯಾಯಿಗಳು ನಕ್ಕರಂತೆ: ಇದು ಕತ್ತೆಗೂ ಗೊತ್ತು, ಹುಲ್ಲು ಕಂಡರೆ ಅದು ನೆಟ್ಟಗೆ ನಡೆಯುತ್ತದೆ, ಸುತ್ತು ಹಾಕುವುದಿಲ್ಲ! ಈ ಗೇಲಿಯನ್ನು ದಾಖಲಿಸಿದ 5ನೆಯ ಶತಮಾನದ ಭಾಷ್ಯಕಾರ ಪ್ರೋಕ್ಲಸನ ಉತ್ತರ ಇಷ್ಟು: ಕಣ್ಣಿಗೆ ಕಾಣುವುದು ಬೇರೆ, ಏಕೆ ಹಾಗೆ ಎಂದು ತಿಳಿಯುವುದು ಬೇರೆ.

ಹಾಗಾದರೆ ಏಕೆ? ಅ, ಬ, ಕ ಎಂಬ ತ್ರಿಭುಜ ಬರೆಯೋಣ. ಬ-ಅ ಬಾಹುವನ್ನು ಅ ದಾಟಿಸಿ ಡ ತನಕ ಎಳೆಯೋಣ. ಅ-ಡ ಉದ್ದ ಅ-ಕ ಉದ್ದಕ್ಕೆ ಸಮನಾಗಿರಲಿ. ಡ-ಕ ಸೇರಿಸಿದರೆ ಅ-ಡ-ಕ ಸಮದ್ವಿಬಾಹು ತ್ರಿಭುಜ. ಅದರಲ್ಲಿ ಡ, ಕ ಬಳಿಯ ಕೋನಗಳು ಸಮ. ಆದರೆ ಬ-ಡ-ಕ ಎಂಬ ದೊಡ್ಡ ತ್ರಿಭುಜದಲ್ಲಿ ಕ ಬಳಿಯ ಕೋನಕ್ಕೆ ಮೂಲ ತ್ರಿಭುಜದ ಕೋನವೂ ಸೇರುತ್ತದೆ. ಹಾಗಾಗಿ ಅದು ಡ ಕೋನಕ್ಕಿಂತ ದೊಡ್ಡದು. ದೊಡ್ಡ ಕೋನದ ಎದುರಿಗೆ ದೊಡ್ಡ ಬಾಹು ಎನ್ನುತ್ತದೆ 19ನೆಯ ಪ್ರಮೇಯ. ಆದ್ದರಿಂದ ಬ-ಡ ಬಾಹು ಬ-ಕ ಬಾಹುವಿಗಿಂತ ಉದ್ದ. ಬ-ಡ ಎಂದರೆ ಬ-ಅ ಮತ್ತು ಅ-ಕ ಕೂಡಿದ ಉದ್ದವೇ ತಾನೆ?

ಕೋನಗಳ ಅಸಮಾನತೆಯಿಂದ ಬಾಹುಗಳ ಅಸಮಾನತೆ ಹೀಗೆ ಹೊರಟುಬಂತು. ಗೋಳದ ಮೇಲಿನ ಹತ್ತಿರದ ದಾರಿಗಳಿಗೂ ಈ ನಿಯಮ ಸಲ್ಲುತ್ತದೆ. ಊರಿಗೆ ಹೊರಟಾಗ ನಡುವೆ ಇಳಿದು ಹತ್ತುವ ವಿಮಾನದ ಟಿಕೆಟ್ಟು ಅಗ್ಗವಾಗಬಹುದು. ದೂರ ಮಾತ್ರ ಕಡಿಮೆಯಾಗದು.